ಗಡ್ಡೆಯ ರಸಾಯನ ಓದಿದವರ ಕಥೆ

ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ದವಾಖಾನೆಯ ಕಾಗದ ಬಂದರೆ ಅದನ್ನು ಓದಿ ಹೇಳಲು ಸಾಲಿ ಮಾಸ್ತರರ ಹತ್ತಿರ ತರುವುದು ಹಳೆಯ ರೂಢಿ. ಡಾಕ್ಟರು ಹೇಳಿದ್ದು ಮರಾಠಿಯಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ, ಕೇಳುವವರು ಕನ್ನಡದವರು! ಸೊಲ್ಲಾಪುರದಿಂದಲೋ ಪುಣೆಯಿಂದಲೋ ತರುವ ತಲೆಯ ಸ್ಕ್ಯಾನಿನ ಕಾಗದಗಳಲ್ಲಿ ಒಮ್ಮೊಮ್ಮೆ ಕೊನೆಗೆ ಇಂಥದೊಂದು ಸಾಲು ಇರುತ್ತದೆ: ಕೋಲೀನ್ ಏರಿದೆ, ಎನ್.ಎ.ಎ. ಇಳಿದಿದೆ, ಲ್ಯಾಕ್ಟೇಟ್ ಕಾಣುತ್ತಿದೆ. ಪಕ್ಕದಲ್ಲಿ ಗುಡ್ಡಗಳ ಸಾಲಿನಂಥ ಒಂದು ಗೆರೆಯ ಚಿತ್ರ. ಇದಕ್ಕೆ ಎಂ.ಆರ್. ಸ್ಪೆಕ್ಟ್ರೋಸ್ಕೋಪಿ ಎಂದು ಹೆಸರು.

ನಾವು ವೈದ್ಯರಲ್ಲ. ರೋಗ ಹೇಳುವುದು ನಮ್ಮ ಕೆಲಸವಲ್ಲ, ಹೇಳಲೂಬಾರದು. ಆದರೆ ತಲೆಯೊಳಗೆ ಕೈ ಹಾಕದೆ, ಸೂಜಿ ಚುಚ್ಚದೆ, ಅಲ್ಲಿ ಯಾವ ರಾಸಾಯನಿಕ ಹೆಚ್ಚಿದೆ ಯಾವುದು ಕಡಿಮೆಯಾಗಿದೆ ಎಂದು ಒಂದು ಯಂತ್ರ ಹೇಳುತ್ತದೆಂದರೆ, ಆ ವಿದ್ಯೆ ಹೇಗೆ ಬಂತೆಂಬುದು ಇತಿಹಾಸ. ಅದನ್ನು ಹೇಳಲು ಮಾಸ್ತರರಿಗೆ ಅಡ್ಡಿಯಿಲ್ಲ.

ಹೆಸರಿನ ವಿಚಾರ ಮೊದಲು ಮುಗಿಸೋಣ. ಪಠ್ಯಪುಸ್ತಕದ ಕನ್ನಡದಲ್ಲಿ ಹೇಳುವುದಾದರೆ ಇದು 'ಕಾಂತೀಯ ಅನುರಣನ ರೋಹಿತದರ್ಶನ'. ರೋಹಿತವೆಂದರೆ ಪಟ್ಟಕದಿಂದ ಹಾಯ್ದ ಬಿಳಿ ಬೆಳಕು ಏಳು ಬಣ್ಣವಾಗಿ ಹರಡುವುದಲ್ಲ, ಆ ಹರವು. ಪದ ಸರಿಯಾಗಿಯೇ ಇದೆ. ಆದರೆ ರೋಗಿಯ ಮಗನಿಗೆ ಇದನ್ನು ಹೇಳಿದರೆ ಆತ ಇನ್ನಷ್ಟು ಗಾಬರಿಯಾದಾನು. ಹಾಗಾಗಿ ಮುಂದೆ ಸ್ಪೆಕ್ಟ್ರೋಸ್ಕೋಪಿ ಎಂದೇ ಬರೆಯುತ್ತೇವೆ.

ತಲೆಬುರುಡೆಯೊಳಗಿನ ಗಡ್ಡೆಯನ್ನು ತೆರೆಯದೆ ನೋಡುವುದು ಸಿ.ಟಿ. ಸ್ಕ್ಯಾನಿನಿಂದ ಸಾಧ್ಯವಾಯಿತು. 1971ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆಯಿತು. ಆಮೇಲೆ ಎಂ.ಆರ್.ಐ. ಬಂದು ಚಿತ್ರ ಇನ್ನೂ ಸ್ಪಷ್ಟವಾಯಿತು. ಆದರೆ ಚಿತ್ರ ಆಕಾರವನ್ನು ತೋರಿಸುತ್ತದೆ, ಸುತ್ತ ಬಾವು ಬಂದದ್ದನ್ನು ತೋರಿಸುತ್ತದೆ. ಆ ಗಡ್ಡೆ ಯಾವ ಪದಾರ್ಥದ್ದು? ಹೊಲದಲ್ಲಿ ದೂರಕ್ಕೆ ಕಾಣುವ ರಾಶಿ ಜೋಳದ್ದೋ ಕಡಲೆಯದ್ದೋ ಎಂದು ಹತ್ತಿರ ಹೋಗಿ ಕೈಯಲ್ಲಿ ಹಿಡಿಯದೆ ಹೇಳಲಾಗದು ನೋಡಿ, ಹಾಗೆ. ಮೆದುಳಿನಲ್ಲಿ ಕೈಯಲ್ಲಿ ಹಿಡಿಯುವುದೆಂದರೆ ಬುರುಡೆಗೆ ತೂತು ಕೊರೆದು ತುಂಡು ತೆಗೆಯುವುದು.

ಈ ಕಥೆಯ ಆರಂಭ ವೈದ್ಯಕೀಯದಲ್ಲಿಲ್ಲ, ಭೌತವಿಜ್ಞಾನದಲ್ಲಿದೆ. ಜಲಜನಕದ ಬೀಜಕೇಂದ್ರ ಒಂದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಅದನ್ನು ದೊಡ್ಡ ಅಯಸ್ಕಾಂತದ ನಡುವೆ ಇಟ್ಟರೆ ವಾಲಿದ ಬುಗುರಿಯಂತೆ ಒಂದು ನಿಶ್ಚಿತ ವೇಗದಲ್ಲಿ ತೂಗಾಡುತ್ತದೆ. ಅದೇ ವೇಗದ ರೇಡಿಯೋ ತರಂಗ ಬಿಟ್ಟರೆ ಅದನ್ನು ಹೀರಿಕೊಂಡು ಮರಳಿ ತಾನೂ ಸಣ್ಣಗೆ ದನಿ ಕೊಡುತ್ತದೆ. ಇದನ್ನು 1938ರಲ್ಲಿ ಅಣುಗಳ ಧಾರೆಯಲ್ಲಿ ಕಂಡವರು ಇಸಿಡೋರ್ ರಾಬಿ. ಸಾಧಾರಣ ವಸ್ತುಗಳಲ್ಲಿ ಕಂಡವರು ಹಾರ್ವರ್ಡಿನ ಪರ್ಸೆಲ್ ಮತ್ತು ಸ್ಟ್ಯಾನ್‌ಫರ್ಡಿನ ಫೆಲಿಕ್ಸ್ ಬ್ಲಾಕ್. ಇಬ್ಬರೂ ತಮ್ಮ ತಮ್ಮ ಪ್ರಯೋಗಶಾಲೆಯಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಿ 1946ರಲ್ಲಿ ಪ್ರಕಟಿಸಿದರು. ಪರ್ಸೆಲ್ ಮೇಣ ಬಳಸಿದರು, ಬ್ಲಾಕ್ ನೀರು. 1952ರ ನೊಬೆಲ್ ಇಬ್ಬರಿಗೂ ಬಂತು.

ಮುಂದೆ ನಡೆದದ್ದು ನಮಗೆ ಬಹಳ ಇಷ್ಟವಾದ ಭಾಗ. ಭೌತವಿಜ್ಞಾನಿಗಳಿಗೆ ಬೇಕಿದ್ದದ್ದು ಬೀಜಕೇಂದ್ರದ ಕಾಂತಬಲದ ನಿಖರ ಅಂಕಿ. ಅದು ಬೀಜಕೇಂದ್ರದ ಸ್ವಂತ ಗುಣ, ಆ ಪರಮಾಣು ಯಾವ ಸಂಯುಕ್ತದಲ್ಲಿದ್ದರೇನು ಎಂಬ ಲೆಕ್ಕ. 1950ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಪ್ರಾಕ್ಟರ್ ಮತ್ತು ಯು ಎಂಬಿಬ್ಬರು ಸಾರಜನಕವನ್ನು ಅಳೆಯಲು ಅಮೋನಿಯಂ ನೈಟ್ರೇಟ್ ತೆಗೆದುಕೊಂಡರು. ನಮ್ಮ ರೈತರು ಬಲ್ಲ ವಸ್ತು, ಗೊಬ್ಬರ. ಒಂದು ಗೆರೆ ಬರಬೇಕಾದಲ್ಲಿ ಎರಡು ಬಂದವು! ಅಮೋನಿಯಂನೊಳಗಿನ ಸಾರಜನಕ ಒಂದು ಕಡೆ, ನೈಟ್ರೇಟಿನೊಳಗಿನದು ಇನ್ನೊಂದು ಕಡೆ. ಸುತ್ತಲಿನ ಎಲೆಕ್ಟ್ರಾನುಗಳು ಹೊರಗಿನ ಅಯಸ್ಕಾಂತಕ್ಕೆ ಒಂದಿಷ್ಟು ಮರೆ ಹಿಡಿಯುತ್ತವೆ. ನೆರೆಹೊರೆ ಬದಲಾದರೆ ಮರೆ ಬದಲಾಗುತ್ತದೆ, ದನಿಯೂ ಬದಲಾಗುತ್ತದೆ. ನಿಖರ ಅಂಕಿ ಹುಡುಕುತ್ತಿದ್ದವರಿಗೆ ಇದೊಂದು ಕಿರಿಕಿರಿ. 'ರಾಸಾಯನಿಕ ಪಲ್ಲಟ' ಎಂದು ಹೆಸರಿಟ್ಟರು. ಆ ಕಿರಿಕಿರಿಯೇ ಮುಂದೆ ಇಡೀ ವಿದ್ಯೆಗೆ ಬುನಾದಿಯಾಯಿತು.

ಸಂಜೆ ದನಗಳು ಊರಿಗೆ ಮರಳುವಾಗ ಧೂಳಿನಲ್ಲಿ ಯಾವುದೂ ಕಾಣುವುದಿಲ್ಲ. ಆದರೂ ಕೊರಳ ಗಂಟೆಯ ದನಿಯಿಂದ ಇದು ನಮ್ಮ ಎತ್ತು, ಇದು ಗೌಡರದು ಎಂದು ಹೇಳುವವರಿದ್ದಾರೆ. ಸ್ಪೆಕ್ಟ್ರೋಸ್ಕೋಪಿ ಎಂದರೆ ಹೆಚ್ಚು ಕಡಿಮೆ ಇದೇ.

1951ರಲ್ಲಿ ಅದೇ ಸ್ಟ್ಯಾನ್‌ಫರ್ಡಿನಿಂದ ಇನ್ನೊಂದು ಲೇಖನ ಬಂತು. ಬರೆದವರು ಮೂವರು: ಆರ್ನಲ್ಡ್, ಧರ್ಮಟ್ಟಿ, ಪ್ಯಾಕರ್ಡ್. ಈಥೈಲ್ ಆಲ್ಕೊಹಾಲಿನ ಜಲಜನಕಗಳು ಮೂರು ಬೇರೆ ಗುಡ್ಡಗಳಾಗಿ ಕಂಡವು, 1:2:3ರ ಪ್ರಮಾಣದಲ್ಲಿ. ಆಮ್ಲಜನಕಕ್ಕೆ ಅಂಟಿದ ಒಂದು, ನಡುವಿನ ಇಂಗಾಲಕ್ಕೆ ಅಂಟಿದ ಎರಡು, ತುದಿಯ ಇಂಗಾಲಕ್ಕೆ ಅಂಟಿದ ಮೂರು. ಹತ್ತನೆಯ ಇಯತ್ತೆಯ ಮಕ್ಕಳು ಹಲಗೆಯ ಮೇಲೆ ಬರೆಯುವ ಆ ರಚನಾಸೂತ್ರ ಅಂದು ಯಂತ್ರದ ಪರದೆಯ ಮೇಲೆ ಮೂಡಿತ್ತು. ಎಸ್.ಎಸ್. ಧರ್ಮಟ್ಟಿ ಭಾರತದವರು. ಹಿಂದಿರುಗಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿದ್ಯೆಯ ಪ್ರಯೋಗಶಾಲೆ ಕಟ್ಟಿದವರು ಅವರೇ. (ಆ ಅಡ್ಡಹೆಸರು ಕಿವಿಗೆ ಬಿದ್ದಾಗ ಇದು ನಮ್ಮ ಕಡೆಯದಲ್ಲವೇ ಎಂದು ನಾವು ತಲೆಯೆತ್ತಿ ನೋಡಿದ್ದು ಸುಳ್ಳಲ್ಲ!) ನಮ್ಮ ರಾಜ್ಯದ ರಾಜಧಾನಿಯಲ್ಲೇ ನಡೆದ ಈ ಕೆಲಸದ ಬಗ್ಗೆ ನಮ್ಮ ಮಕ್ಕಳಿಗೆ ಯಾವ ಪಾಠವೂ ಹೇಳುವುದಿಲ್ಲ ಎಂಬುದು ಬೇರೆ ಮಾತು.

ಇನ್ನು ಮೆದುಳು. 1956ರಲ್ಲಿ ಟ್ಯಾಲನ್, ಮೂರ್, ಸ್ಟೈನ್ ಎಂಬ ಅಮೆರಿಕದ ರಸಾಯನ ವಿಜ್ಞಾನಿಗಳು ಬೆಕ್ಕಿನ ಮೆದುಳಿನಲ್ಲಿ ಎನ್-ಅಸಿಟೈಲ್ ಆಸ್ಪಾರ್ಟಿಕ್ ಆಮ್ಲವನ್ನು ಗುರುತಿಸಿದರು. ಅದೇ ಕಾಗದದ ಮೇಲಿನ ಎನ್.ಎ.ಎ. ಮೆದುಳಿನಲ್ಲಿ ಅತಿ ಹೆಚ್ಚು ಇರುವ ಸಣ್ಣ ಅಣುಗಳಲ್ಲಿ ಇದೊಂದು. ಬೆಳೆದ ಮೆದುಳಿನಲ್ಲಿ ಇದು ಬಹುಪಾಲು ನರಕೋಶಗಳ ಒಳಗೇ ಇರುತ್ತದೆ. ನರಕೋಶ ಸತ್ತರೆ, ಅಥವಾ ಆ ಜಾಗದಲ್ಲಿ ಬೇರೇನೋ ಬೆಳೆದು ಕೂತರೆ, ಎನ್.ಎ.ಎ. ಇಳಿಯುತ್ತದೆ. ಕೋಲೀನ್ ಕೋಶದ ಹೊರಪೊರೆ ಕಟ್ಟುವ ಸಾಮಗ್ರಿ. ಮನೆ ಕಟ್ಟುವಲ್ಲಿ ಉಸುಕು, ಇಟ್ಟಂಗಿ, ಸಿಮೆಂಟಿನ ರಾಶಿ ಬಿದ್ದಿರುತ್ತದಲ್ಲ. ಗಡ್ಡೆಯ ಕೋಶಗಳು ಹಗಲಿರುಳೆನ್ನದೆ ಹೊಸ ಕೋಶ ಕಟ್ಟುತ್ತಿರುವುದರಿಂದ ಅಲ್ಲಿ ಕೋಲೀನಿನ ರಾಶಿ. ಲ್ಯಾಕ್ಟೇಟಿನ ಕಥೆ ಇನ್ನೂ ಹಳೆಯದು. ಆಮ್ಲಜನಕ ಇದ್ದರೂ ಗಡ್ಡೆಯ ಕೋಶಗಳು ಸಕ್ಕರೆಯನ್ನು ಅರ್ಧಕ್ಕೇ ಮುರಿದು ಲ್ಯಾಕ್ಟೇಟ್ ಬಿಡುತ್ತವೆಂದು 1920ರ ದಶಕದಲ್ಲೇ ಜರ್ಮನಿಯ ಓಟೋ ವಾರ್‌ಬುರ್ಗ್ ತೋರಿಸಿದ್ದರು. ಕೋಶಗಳು ಸತ್ತು ಕೊಳೆತಲ್ಲಿ ಕೊಬ್ಬಿನ ಅಗಲವಾದ ಗುಡ್ಡ ಏಳುತ್ತದೆ.

ಇವೆಲ್ಲ ಗೊತ್ತಿದ್ದರೂ ಬದುಕಿರುವ ಮನುಷ್ಯನ ತಲೆಯೊಳಗೆ ಕೇಳುವುದು ಹೇಗೆ? 1971ರಲ್ಲಿ ರೇಮಂಡ್ ಡಮಾಡಿಯನ್, ಇಲಿಯ ಗಡ್ಡೆಯ ತುಂಡಿನ ನೀರು ಆರೋಗ್ಯವಂತ ಮಾಂಸದ ನೀರಿಗಿಂತ ತಡವಾಗಿ ಶಾಂತವಾಗುತ್ತದೆಂದು ತೋರಿಸಿದರು. 1973ರಲ್ಲಿ ಪಾಲ್ ಲಾಟರ್‌ಬರ್ ಈ ದನಿಯಿಂದ ಚಿತ್ರ ಬಿಡಿಸುವ ದಾರಿ ಕಂಡರು. 1975ರಲ್ಲಿ ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ವೆಲ್ಟಿ, ಎರ್ನ್ಸ್ಟ್ ಮೂವರು ಪ್ರಕಟಿಸಿದ ವಿಧಾನವೇ ಇಂದಿನ ಎಂ.ಆರ್.ಐ. ಚಿತ್ರಗಳ ಅಡಿಪಾಯ. ಅನಿಲ್ ಕುಮಾರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಚಿತ್ರ ಬಿಡಿಸುವವರು ಮಾತ್ರ ಒಂದು ಬೆಲೆ ತೆತ್ತರು: ಅವರು ಕೇಳಿಸಿಕೊಂಡದ್ದು ನೀರು ಮತ್ತು ಕೊಬ್ಬಿನ ದೊಡ್ಡ ದನಿಯನ್ನಷ್ಟೇ, ಸಣ್ಣ ದನಿಗಳನ್ನು ಬಿಟ್ಟರು.

ಸಣ್ಣ ದನಿಗಳ ಬೆನ್ನು ಹತ್ತಿದವರು ಆಕ್ಸ್‌ಫರ್ಡಿನವರು. 1974ರಲ್ಲಿ ಜಾರ್ಜ್ ರಾಡ್ಡಾ ಮತ್ತು ಸಂಗಡಿಗರು ಇಲಿಯ ಕಾಲಿನ ಸ್ನಾಯುವಿನಲ್ಲಿ ರಂಜಕದ ಸಂಯುಕ್ತಗಳನ್ನು, ಸ್ನಾಯುವನ್ನು ಅರೆಯದೆ ಹಿಂಡದೆ, ಇಡಿಯಾಗಿಯೇ ಓದಿದರು. 1981ರಲ್ಲಿ ಮೆಕಾರ್ಡಲ್ ಎಂಬ ಸ್ನಾಯುರೋಗವಿದ್ದ ಒಬ್ಬ ರೋಗಿಯ ತೋಳನ್ನು ಓದಿದರು. 1983ರಲ್ಲಿ ಲಂಡನ್ನಿನಲ್ಲಿ ಹಸುಗೂಸುಗಳ ಮೆದುಳನ್ನು ಓದಿದರು.

ರಂಜಕದಿಂದ ಜಲಜನಕಕ್ಕೆ ಬರುವಾಗ ತೊಡಕು ನೀರಿನದೇ. ಮೆದುಳಿನಲ್ಲಿ ನೀರು ಎನ್.ಎ.ಎ.ಗಿಂತ ಸಾವಿರಾರು ಪಟ್ಟು ಹೆಚ್ಚು. ಜಾತ್ರೆಯ ಬ್ಯಾಂಡಿನ ಪಕ್ಕದಲ್ಲಿ ನಿಂತು ಪಿಸುಮಾತು ಕೇಳಿದ ಹಾಗೆ! ಮೊದಲು ನೀರಿನ ದನಿಯನ್ನೇ ಆರಿಸಿ ಸುಮ್ಮನಾಗಿಸಬೇಕು. ಇನ್ನು ಗುಡ್ಡಗಳ ನಡುವಿನ ಅಂತರವೋ, ಹತ್ತು ಲಕ್ಷದ ಪಾಲಿನಲ್ಲಿ ಅಳೆಯುವಂಥದ್ದು. ಎನ್.ಎ.ಎ. 2.0ರಲ್ಲಿ, ಕ್ರಿಯೇಟಿನ್ 3.0ರಲ್ಲಿ, ಕೋಲೀನ್ 3.2ರಲ್ಲಿ. 1.5 ಟೆಸ್ಲಾದ ಅಯಸ್ಕಾಂತದಲ್ಲಿ ಜಲಜನಕ ಸೆಕೆಂಡಿಗೆ ಸುಮಾರು 6 ಕೋಟಿ 39 ಲಕ್ಷ ಬಾರಿ ತೂಗಾಡುತ್ತದೆ. ಕ್ರಿಯೇಟಿನ್ನಿಗೂ ಕೋಲೀನಿಗೂ ಇರುವ ವ್ಯತ್ಯಾಸ ಅದರಲ್ಲಿ ಹನ್ನೆರಡು-ಹದಿಮೂರು ಮಾತ್ರ! ಆದ್ದರಿಂದ ಅಯಸ್ಕಾಂತದ ಬಲ ಆ ಜಾಗದಲ್ಲೆಲ್ಲ ಒಂದೇ ಸಮ ಇರಬೇಕು. ಎಲುಬು, ಮೂಗಿನ ಹಿಂದಿನ ಗಾಳಿಗೂಡು, ಗಡ್ಡೆಯೊಳಗಿನ ಹಳೆಯ ರಕ್ತ, ಯಾವುದು ಹತ್ತಿರವಿದ್ದರೂ ಗುಡ್ಡಗಳು ಕಲಸಿಹೋಗುತ್ತವೆ.

ಎಲ್ಲಿಂದ ಕೇಳಬೇಕೆಂಬುದು ಕೊನೆಯ ಪ್ರಶ್ನೆ. ಕಲ್ಲಂಗಡಿ ಮಾರುವವ ಹಣ್ಣಿಗೆ ಸಣ್ಣ ಚೌಕದ ತೂತು ಹಾಕಿ ಒಳಗಿನ ತುಂಡು ತೆಗೆದು ಕೆಂಪಗಿದೆಯೋ ಇಲ್ಲವೋ ತೋರಿಸುತ್ತಾನೆ. ಇಲ್ಲಿ ಚಾಕು ಇಲ್ಲ. ಮೂರು ದಿಕ್ಕಿನಿಂದ ಮೂರು ಪದರ ಆಯ್ದು, ಅವು ಒಂದನ್ನೊಂದು ಕೂಡುವ ಪೆಟ್ಟಿಗೆಯಂಥ ಜಾಗದ ದನಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಪಾಲ್ ಬಾಟಮ್ಲಿ ಮತ್ತು ಜರ್ಮನಿಯ ಗೊಟಿಂಗೆನ್ನಿನ ಯೆನ್ಸ್ ಫ್ರಾಮ್ ಅವರ ತಂಡ ಇದಕ್ಕೆ ಎರಡು ವಿಧಾನ ಮಾಡಿಕೊಟ್ಟವು. ಪ್ರತಿ ಬದಿಗೆ ಎರಡು ಸೆಂಟಿಮೀಟರಿನ ಪೆಟ್ಟಿಗೆಯೆಂದರೆ ಎಂಟು ಮಿಲಿಲೀಟರ್, ಒಂದೂವರೆ ಚಮಚದಷ್ಟು ಮೆದುಳು.

1989ರಲ್ಲಿ ಗೊಟಿಂಗೆನ್ನಿನ ತಂಡ ಮೆದುಳಿನ ಗಡ್ಡೆಯಿದ್ದ ರೋಗಿಗಳ ಮೊದಮೊದಲ ಜಲಜನಕ ಸ್ಪೆಕ್ಟ್ರಮ್‌ಗಳನ್ನು ಪ್ರಕಟಿಸಿತು. ಗಡ್ಡೆಯಲ್ಲಿ ಎನ್.ಎ.ಎ. ಕುಸಿದಿತ್ತು, ಕೋಲೀನ್ ಎದ್ದಿತ್ತು. ಒಂದು ಬಗೆಯ ಗಡ್ಡೆಗೂ ಇನ್ನೊಂದಕ್ಕೂ ಗುಡ್ಡಸಾಲು ಬೇರೆಯಾಗಿತ್ತು. ಉದಾಹರಣೆಗೆ ಮೆನಿಂಜಿಯೋಮ ಮೆದುಳಿನದಲ್ಲ, ಮೆದುಳಿನ ಹೊದಿಕೆಯಿಂದ ಹುಟ್ಟುವಂಥದ್ದು. ಅದರಲ್ಲಿ ನರಕೋಶವೇ ಇಲ್ಲದ್ದರಿಂದ ಎನ್.ಎ.ಎ. ಇರುವುದಿಲ್ಲ, ಅಲನಿನ್ ಎಂಬ ಬೇರೊಂದು ಗುಡ್ಡ ಹಲವು ಸಲ ಕಾಣುತ್ತದೆ. 1996ರಲ್ಲಿ ಮಾಂಟ್ರಿಯಲ್ಲಿನ ಪ್ರ್ಯೂಲ್ ಮತ್ತು ಜೊತೆಗಾರರು ಹಲವು ಗುಡ್ಡಗಳ ಎತ್ತರವನ್ನು ಒಟ್ಟಿಗೆ ಲೆಕ್ಕ ಹಾಕಿ ಗಡ್ಡೆಯ ಜಾತಿ ಹೇಳಬಹುದೆಂದು ತೋರಿಸಿದರು.

ಇಲ್ಲಿಯವರೆಗಿನದು ಪಶ್ಚಿಮದವರ ಪ್ರಶ್ನೆ: ಈ ಗಡ್ಡೆ ಯಾವ ಜಾತಿಯದು? ನಮ್ಮ ದೇಶದಲ್ಲಿ ಅದಕ್ಕೂ ಮುಂಚಿನ ಪ್ರಶ್ನೆಯೊಂದಿದೆ. ಇದು ಗಡ್ಡೆಯೇ ಹೌದೋ ಅಲ್ಲವೋ?

ಮೂರ್ಛೆ ಬಂತು, ತಲೆಶೂಲೆ, ವಾಂತಿ. ಸ್ಕ್ಯಾನಿನಲ್ಲಿ ಉಂಗುರದಂತೆ ಹೊಳೆಯುವ ಒಂದು ಗಂಟು. ಕ್ಯಾನ್ಸರಿನ ಗಡ್ಡೆ ಹೀಗೆ ಕಾಣುತ್ತದೆ. ಕ್ಷಯದ ಗಂಟೂ ಹೀಗೇ ಕಾಣುತ್ತದೆ. ಕೀವಿನ ಕುರು ಹೀಗೇ ಕಾಣುತ್ತದೆ, ಲಾಡಿಹುಳುವಿನ ಮರಿ ಹೋಗಿ ಕೂತರೂ ಹೀಗೇ ಕಾಣಬಹುದು. ಕ್ಷಯವಾದರೆ ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣವಾಗುವ ರೋಗ. ಹುಳುವಿಗೂ ಔಷಧವಿದೆ. ಆದರೆ 'ತಲೆಯಲ್ಲಿ ಗಂಟು' ಎಂಬ ಮಾತು ಮನೆಗೆ ಬಂದೊಡನೆ ನಮ್ಮ ಊರುಗಳಲ್ಲಿ ಹೊಲ ಮಾರುವ ಮಾತು ಶುರುವಾಗುತ್ತದೆ, ಇಲ್ಲವೇ ಇನ್ನೇನು ಮಾಡಿದರೂ ಅಷ್ಟೇ ಎಂದು ಕೈಚೆಲ್ಲಿ ಕೂರುತ್ತಾರೆ. ಎರಡೂ ಆತುರವೇ.

ಈ ಪ್ರಶ್ನೆಯನ್ನು ಹಿಡಿದು ಕೆಲಸ ಮಾಡಿದವರಲ್ಲಿ ಮುಂದಿನ ಸಾಲಿನವರು ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆರ್.ಕೆ. ಗುಪ್ತಾ ಮತ್ತು ಸಂಗಡಿಗರು. 1990ರ ದಶಕದಲ್ಲಿ ಅವರು ಕ್ಷಯದ ಗಂಟುಗಳನ್ನು ರೋಗಿಯ ತಲೆಯೊಳಗೂ ಓದಿದರು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಂಡುಗಳನ್ನೂ ಓದಿದರು. ಕ್ಷಯದ ರೋಗಾಣುವಿಗೆ ಮೇಣದಂಥ ಕೊಬ್ಬಿನ ಕವಚವಿರುತ್ತದೆ. ಗಂಟಿನ ಒಳಗೆ ಗಿಣ್ಣದಂತೆ ಗಟ್ಟಿಯಾದ ಸತ್ತ ಪದಾರ್ಥ ತುಂಬಿರುತ್ತದೆ. ಹಾಗಾಗಿ 0.9 ಮತ್ತು 1.3ರಲ್ಲಿ ಕೊಬ್ಬಿನ ಗುಡ್ಡಗಳು ಎತ್ತರವಾಗಿ ಏಳುತ್ತವೆ, ಉಳಿದವು ತಗ್ಗು. ಕೀವಿನ ಕುರುವಿನ ಗುರುತು ಬೇರೆ. ಅಲ್ಲಿ ಪ್ರೋಟೀನು ಕರಗಿ ಲ್ಯೂಸಿನ್, ವ್ಯಾಲಿನ್‌ನಂಥ ಅಮೈನೋ ಆಮ್ಲಗಳಾಗಿರುತ್ತವೆ. ಕೆಲವು ಸಲ ರೋಗಾಣುಗಳು ಬಿಟ್ಟ ಅಸಿಟೇಟ್, ಸಕ್ಸಿನೇಟ್ ಕೂಡ ಇರುತ್ತವೆ. ಕ್ಯಾನ್ಸರಿನ ಗಡ್ಡೆಯ ಒಳಗೆ ಇವು ಹೀಗೆ ಸಿಗುವುದಿಲ್ಲ. ಅದೇ ಲಖನೌದಲ್ಲಿ ಮುಂದೆ ಕಾಂತೀಯ ಅನುರಣನಕ್ಕೇ ಮೀಸಲಾದ ಕೇಂದ್ರವನ್ನು ಬೆಳೆಸಿದವರು ಸಿ.ಎಲ್. ಖೇತ್ರಪಾಲ್, ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ವಿದ್ಯೆ ಕಲಿತು, ಬೆಂಗಳೂರಿನಲ್ಲಿ ಬಹಳ ವರ್ಷ ದುಡಿದು ಅಲ್ಲಿಗೆ ಹೋದವರು. ಗೊಬ್ಬರದ ಸಾರಜನಕ ಎರಡು ಗೆರೆ ತೋರಿಸಿದ ಆ ಕಿರಿಕಿರಿ ನಮ್ಮ ದೇಶದಲ್ಲಿ ಕ್ಷಯ ಗುರುತಿಸುವ ಕೆಲಸಕ್ಕೆ ಬಂದದ್ದು ಹೀಗೆ.

ಇಷ್ಟು ಓದಿ, ಹಾಗಾದರೆ ಕಾಗದ ನೋಡಿಯೇ ಹೇಳಬಹುದಲ್ಲ ಎಂದು ಯಾರೂ ಭಾವಿಸಬಾರದು. ಅತ್ಯಂತ ಉಗ್ರವಾದ ಗ್ಲಿಯೋಬ್ಲಾಸ್ಟೋಮ ಎಂಬ ಗಡ್ಡೆಯ ನಡುಭಾಗವೂ ಸತ್ತು ಕೊಳೆತಿರುತ್ತದೆ. ಪೆಟ್ಟಿಗೆಯನ್ನು ಅದರ ಮೇಲಿಟ್ಟರೆ ಅಲ್ಲಿಯೂ ಕೊಬ್ಬಿನ ಗುಡ್ಡವೇ! ನರಗಳ ಹೊದಿಕೆ ಕಳಚುವ ಕೆಲವು ಉರಿಯೂತಗಳಲ್ಲಿ ಕ್ಯಾನ್ಸರ್ ಇಲ್ಲದೆಯೂ ಕೋಲೀನ್ ಏರುತ್ತದೆ. ಪೆಟ್ಟಿಗೆ ಒಂದು ಬೆರಳು ಆಚೆ ಸರಿದರೆ ಪಕ್ಕದ ಒಳ್ಳೆಯ ಮೆದುಳು ಸೇರಿಕೊಂಡು ಸಾಕ್ಷ್ಯ ಕೆಡುತ್ತದೆ. ಸ್ಪೆಕ್ಟ್ರೋಸ್ಕೋಪಿ ಸಾಕ್ಷಿ ಹೇಳುತ್ತದೆ. ತೀರ್ಪು ಬರೆಯುವುದು ಸೂಕ್ಷ್ಮದರ್ಶಕದ ಕೆಳಗಿನ ತುಂಡು. ಆ ತುಂಡನ್ನು ಎಲ್ಲಿಂದ ತೆಗೆಯಬೇಕು ಎನ್ನುವುದಕ್ಕೆ, ಅಂದರೆ ಕೋಲೀನ್ ಅತಿ ಹೆಚ್ಚಿರುವ ಜಾಗ ತೋರಿಸುವುದಕ್ಕೆ ಇದು ನೆರವಾಗುತ್ತದೆ. ವಿಕಿರಣ ಚಿಕಿತ್ಸೆಯಾದ ಮೇಲೆ ಹೊಸದಾಗಿ ಕಂಡ ಕಲೆ ಮರಳಿ ಬಂದ ಗಡ್ಡೆಯೋ ಸುಟ್ಟ ಮಾಂಸವೋ ಎಂದು ಬೇರ್ಪಡಿಸಲೂ ಬಳಸುತ್ತಾರೆ.

ಈ ವಿದ್ಯೆಗೆ ಹಿನ್ನಡೆಯೂ ಆಗಿದೆ. ಅಮೆರಿಕದಲ್ಲಿ ವೃದ್ಧರ ಸರಕಾರಿ ವಿಮೆಯಾದ ಮೆಡಿಕೇರ್, ಮೆದುಳಿನ ಗಡ್ಡೆಗೆ ಇದರಿಂದ ಪ್ರಯೋಜನವೆನ್ನಲು ಸಾಕಷ್ಟು ಆಧಾರವಿಲ್ಲವೆಂದು 2004ರಲ್ಲಿ ಹಣ ಕೊಡಲು ನಿರಾಕರಿಸಿತು. ಒಂದು ಆಸ್ಪತ್ರೆಯ ಯಂತ್ರದ ಅಂಕಿ ಇನ್ನೊಂದರದಕ್ಕೆ ಹೊಂದುತ್ತಿರಲಿಲ್ಲ, ಓದುವವರ ಪಳಗುವಿಕೆಯೂ ಒಂದೇ ಸಮ ಇರಲಿಲ್ಲ. ಅವರ ನಿರ್ಧಾರ ತೀರ ಅನ್ಯಾಯವೆಂದು ನಮಗನಿಸುವುದಿಲ್ಲ.

ಕಥೆಗೆ ಹೊಸ ತಿರುವು ಬಂದದ್ದು ಜೀನುಗಳ ಕಡೆಯಿಂದ. 2008ರಲ್ಲಿ ಅಮೆರಿಕದ ಸಂಶೋಧಕರು ಕೆಲವು ಗ್ಲಿಯೋಬ್ಲಾಸ್ಟೋಮಗಳಲ್ಲಿ ಐ.ಡಿ.ಎಚ್.1 ಎಂಬ ಜೀನಿನಲ್ಲಿ ಒಂದೇ ಅಕ್ಷರದ ತಪ್ಪು ಕಂಡರು. 2009ರ ಹೊತ್ತಿಗೆ, ನಿಧಾನವಾಗಿ ಬೆಳೆಯುವ ಗ್ಲಿಯೋಮಗಳಲ್ಲಿ ಹೆಚ್ಚಿನವಕ್ಕೆ ಈ ತಪ್ಪಿದೆಯೆಂದು ತಿಳಿಯಿತು. ಇವು ಬಹುಮಟ್ಟಿಗೆ ಹರೆಯದವರಲ್ಲೂ ನಡುವಯಸ್ಸಿನವರಲ್ಲೂ ಬರುವಂಥವು. ಅದೇ ವರ್ಷ ಇನ್ನೊಂದು ತಂಡ, ಕೆಟ್ಟ ಕಿಣ್ವ ಸುಮ್ಮನೆ ಕೂರುವುದಿಲ್ಲ, 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ತಯಾರಿಸಿ ರಾಶಿ ಹಾಕುತ್ತದೆಂದು ತೋರಿಸಿತು. ಆರೋಗ್ಯವಂತ ಮೆದುಳಿನಲ್ಲಿ ಈ ವಸ್ತು ಇದ್ದೂ ಇಲ್ಲದಷ್ಟು.

ಸ್ಪೆಕ್ಟ್ರೋಸ್ಕೋಪಿಯವರು ಕಿವಿ ನಿಮಿರಿಸಿದ್ದು ಸಹಜ. ಕೋಲೀನ್ ಹತ್ತು ಕಾರಣಕ್ಕೆ ಏರಬಹುದು, ಇದು ಏರಲು ಕಾರಣ ಬಹುತೇಕ ಒಂದೇ. ಆದರೆ ಅದರ ಗುಡ್ಡ 2.25ರ ಹತ್ತಿರ, ಗ್ಲುಟಮೇಟ್ ಗ್ಲುಟಮಿನ್‌ಗಳ ಗದ್ದಲದ ನಡುವೆ ಅಡಗಿದೆ. ರೇಡಿಯೋ ಮಿಡಿತಗಳ ಕಾಲಾವಧಿಯನ್ನು ಬದಲಿಸಿ, ಎರಡು ಆಯಾಮದಲ್ಲಿ ಹರಡಿ, ನೆರೆಯ ದನಿಗಳಿಂದ ಅದನ್ನು ಬಿಡಿಸಬೇಕಾಯಿತು. 2012ರಲ್ಲಿ ಡಲ್ಲಾಸ್, ಬೋಸ್ಟನ್, ಲಾಸ್ ಏಂಜಲೀಸ್ ಈ ಮೂರು ಊರಿನ ತಂಡಗಳು ರೋಗಿಗಳ ತಲೆಯೊಳಗೆ ಅದನ್ನು ಕಂಡೆವೆಂದು ಪ್ರಕಟಿಸಿದವು. ಜೀನಿನ ಒಂದು ತಪ್ಪಕ್ಷರವನ್ನು ಬುರುಡೆಯ ಹೊರಗಿನಿಂದ ಓದಿದಂತಾಯಿತು! 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣ ಬಂದಾಗ, ಐ.ಡಿ.ಎಚ್. ಕೆಟ್ಟಿದೆಯೋ ಇಲ್ಲವೋ ಎಂಬುದರ ಮೇಲೆಯೇ ದೊಡ್ಡವರ ಗ್ಲಿಯೋಮಗಳ ಹೆಸರು ನಿಂತಿತು.

2018ರಲ್ಲಿ ಬೋಸ್ಟನ್ನಿನ ತಂಡ ಆ ಕಿಣ್ವವನ್ನು ತಡೆಯುವ ಒಂದು ಪ್ರಯೋಗದ ಔಷಧವನ್ನು ರೋಗಿಗಳಿಗೆ ಕೊಟ್ಟು, ಒಂದೇ ವಾರದಲ್ಲಿ 2-ಹೈಡ್ರಾಕ್ಸಿಗ್ಲುಟರೇಟ್ ಸುಮಾರು ಶೇಕಡಾ 70 ಇಳಿದದ್ದನ್ನು ಸ್ಪೆಕ್ಟ್ರೋಸ್ಕೋಪಿಯಿಂದಲೇ ಅಳೆಯಿತು. ಅದೇ ಬಗೆಯ ಇನ್ನೊಂದು ಮಾತ್ರೆ ವೊರಾಸಿಡೆನಿಬ್. ನಿಧಾನ ಬೆಳೆಯುವ ಗ್ಲಿಯೋಮದವರಲ್ಲಿ ರೋಗ ಮುಂದುವರಿಯದೆ ನಿಂತ ಕಾಲದ ಮಧ್ಯಾಂಕ ಬರಿ ಗುಳಿಗೆ ಪಡೆದವರಲ್ಲಿ 11.1 ತಿಂಗಳು, ಈ ಮಾತ್ರೆ ಪಡೆದವರಲ್ಲಿ 27.7 ತಿಂಗಳು ಎಂದು 2023ರಲ್ಲಿ ವರದಿಯಾಯಿತು. 2024ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿತು. ಗಡ್ಡೆ ಸಣ್ಣದಿದ್ದು ಪೆಟ್ಟಿಗೆಯ ತುಂಬ ಬರದಿದ್ದರೆ 2.25ರ ಆ ಗುಡ್ಡ ಇಂದಿಗೂ ತಪ್ಪಿಸಿಕೊಳ್ಳುತ್ತದೆ, ಅದಕ್ಕಾಗಿ ಐ.ಡಿ.ಎಚ್. ಪರೀಕ್ಷೆಯನ್ನು ಈಗಲೂ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಂಡಿನ ಮೇಲೆಯೇ ಮಾಡುತ್ತಾರೆ.